ಅವಳು ನೋಡುತ್ತಿದ್ದ ದಿಕ್ಕು

ಇದು ನಡೆದದ್ದು ಹೌದೋ ಅಲ್ಲವೋ ನನಗೆ ಖಚಿತವಿಲ್ಲ. ನಡೆದಿದ್ದರೂ ನನ್ನ ನೆನಪಿನಲ್ಲಿರುವ ಹಾಗೆಯೇ ನಡೆದಿರಲಾರದು.

ಕಳವಾರದ ಬೆಟ್ಟದ ತುದಿ. ಈಗ ಬೆಂಗಳೂರಿನವರು ಸ್ಕಂದಗಿರಿ ಎಂದು ಕರೆಯುವ, ನಮ್ಮ ಕಡೆಯವರು ಕಳವಾರದ ಬೆಟ್ಟ ಎಂದೇ ಅನ್ನುವ ಬೆಟ್ಟ. ಹಾಳುಬಿದ್ದ ಕೋಟೆಯ ಗೋಡೆ, ಅದರ ಪಕ್ಕದಲ್ಲಿ ಒಂದು ಚಪ್ಪಟೆ ಬಂಡೆ. ಬಂಡೆಯ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಾಳೆ. ಬಲಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು ಬಹಳ ದೂರದಲ್ಲಿ ಏನನ್ನೋ ನೋಡುತ್ತಿದ್ದಾಳೆ. ಎಡಗೈ ನನ್ನ ಮಡಿಲಲ್ಲಿದೆ. ನಾನು ಅದರ ಬಳೆಗಳನ್ನು ಮೊಣಕೈವರೆಗೆ ತಳ್ಳುವುದು, ಮತ್ತೆ ಕೆಳಗೆ ಎಳೆಯುವುದು ಮಾಡುತ್ತಿದ್ದೇನೆ. ಊಟ ಮುಗಿದಿದೆ, ನನ್ನ ಕೈ ಇನ್ನೂ ಮೊಸರನ್ನದಿಂದ ಅಂಟಂಟಾಗಿದೆ. ನನ್ನ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ, ಇನ್ನೊಂದು ದೊಡ್ಡ ಬೆಟ್ಟ. ಅವಳ ತುರುಬಿನಲ್ಲಿ ಕನಕಾಂಬರಕ್ಕೆ ಮರುಗ ಸೇರಿಸಿ ಕಟ್ಟಿದ ದಂಡೆ. ಗಾಳಿ ಬೀಸಿದಾಗ ಮರುಗದ ವಾಸನೆ. ಅವಳು ಏನೋ ಹೇಳುತ್ತಾಳೆ, ಮಾತು ಉಳಿದಿಲ್ಲ. ಮುಖವೂ ಉಳಿದಿಲ್ಲ, ಅದು ಆಚೆ ತಿರುಗಿದೆ.

ಅದು ಅಮ್ಮ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದೆ. ನಾನು ಶಾಲೆಗೆ ಸೇರುವ ಮೊದಲೇ ಅಮ್ಮ ತೀರಿಕೊಂಡಳು. ಅವಳ ಒಂದೇ ಒಂದು ಫೋಟೋ ಇದೆ, ಮದುವೆಯದು. ಅದರಲ್ಲಿ ಅವಳು ಸ್ಟುಡಿಯೋದ ದೀಪಕ್ಕೆ ಹೆದರಿದ ಹುಡುಗಿಯ ಹಾಗೆ ಕಣ್ಣರಳಿಸಿದ್ದಾಳೆ. ಆ ಹುಡುಗಿ ನನಗೆ ಪರಿಚಯವಿಲ್ಲ. ಬಂಡೆಯ ಮೇಲೆ ಕೂತವಳು ಮಾತ್ರ ನನ್ನವಳು. ಅವಳನ್ನು ಬಿಟ್ಟರೆ ಅಮ್ಮನ ಬಗ್ಗೆ ನನ್ನದೇ ಆದ ನೆನಪು ಬೇರೆ ಯಾವುದೂ ಇಲ್ಲ.

ನಾನು ಓದಿದ್ದು ಮನಃಶಾಸ್ತ್ರ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ, ಒಂದು ಊರಿನಿಂದ ಇನ್ನೊಂದಕ್ಕೆ ಹಾರುತ್ತ ಅದನ್ನೇ ಪಾಠ ಮಾಡುತ್ತಿದ್ದೇನೆ. ನೆನಪು ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಹೊಲಿಯುತ್ತೇವೆ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಚಿಕ್ಕ ವಯಸ್ಸಿನದು ಅಂತೂ ಬೇರೆಯವರು ಹೇಳಿದ್ದು, ಫೋಟೋ ನೋಡಿದ್ದು, ಬೇಕು ಅನ್ನಿಸಿದ್ದು ಎಲ್ಲ ಸೇರಿ ಆದದ್ದು ಎನ್ನುತ್ತೇನೆ. ಹೇಳುವಾಗ ಆ ಬಂಡೆಯನ್ನು ಮಾತ್ರ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದೆ. ಹೋದ ಕಾರ್ತಿಕದವರೆಗೆ.

ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು, ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳ ಮನೆಯ ತಾರಸಿಯಿಂದ ಬೆಟ್ಟ ಕಾಣುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ಅದನ್ನು ನೋಡುತ್ತ, ಏನೂ ಯೋಚಿಸದೆ, ಆ ನೆನಪನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಪೂರ್ತಿ ಕೇಳಿದಳು.

"ಅದು ಅತ್ತೆ ಕಣೋ," ಅಂದಳು.

"ಅಮ್ಮ ಅಲ್ವಾ?"

"ಅಮ್ಮ ಎಲ್ಲಿ ಮರುಗ ಮುಡೀತಿದ್ಲು? ಮನೆ ತುಂಬ ಹುಳ ಇಟ್ಕೊಂಡು ಮರುಗ ಮುಡ್ಕೊಳಕ್ಕಾಗುತ್ತಾ? ನಿಂಗೇನೋ ಗೊತ್ತು, ನೀನು ಆಗ ಚಡ್ಡಿ ಹಾಕ್ಕೊಳ್ಳೋದೇ ಅಪರೂಪ."

ಹುಳ ಎಂದರೆ ರೇಷ್ಮೆ ಹುಳ. ಶಿಡ್ಲಘಟ್ಟದ ಆಚೆ ನಮ್ಮ ಊರಿನಲ್ಲಿ ಆಗ ಹುಳ ಸಾಕದ ಮನೆ ಇರಲಿಲ್ಲ. ಬೇರೆ ಹುಳುಮನೆ ಕಟ್ಟುವಷ್ಟು ಅನುಕೂಲ ಎಲ್ಲರಿಗೂ ಇರಲಿಲ್ಲವಾದ್ದರಿಂದ ನಡುಮನೆಯಲ್ಲೇ ಬಿದಿರಿನ ತಟ್ಟೆಗಳು, ಅವುಗಳ ಮೇಲೆ ಹುಳ, ಮಿಕ್ಕ ಜಾಗದಲ್ಲಿ ನಾವು. ಹುಳಕ್ಕೆ ವಾಸನೆ ಆಗದು. ಊದುಬತ್ತಿ ಹಚ್ಚುವ ಹಾಗಿಲ್ಲ, ಬೀಡಿ ಸೇದಿದವರು ಒಳಗೆ ಬರುವ ಹಾಗಿಲ್ಲ, ಒಗ್ಗರಣೆಯನ್ನು ಹಿತ್ತಲಿನ ಒಲೆಯಲ್ಲಿ ಹಾಕಬೇಕು. ಮದುವೆಯಾಗಿ ಬಂದ ಸೊಸೆಯರು ಮೊದಲು ಬಿಡುತ್ತಿದ್ದದ್ದು ಪೌಡರು ಮತ್ತು ವಾಸನೆಯ ಹೂವು. ಅತ್ತೆ ಎಂದರೆ ಅಪ್ಪನ ತಂಗಿ. ಅವಳನ್ನು ಕೊಟ್ಟಿದ್ದು ಚಿಂತಾಮಣಿಗೆ, ಬಟ್ಟೆ ಅಂಗಡಿಯವರ ಮನೆಗೆ. ಅಲ್ಲಿ ಹುಳದ ಕಾಟ ಇರಲಿಲ್ಲ. ತವರಿಗೆ ಬಂದಾಗಲೆಲ್ಲ ತಲೆ ತುಂಬ ಹೂವು.

"ಮತ್ತೆ ಅಮ್ಮಂಗೆ ಬಿಡುವೆಲ್ಲಿತ್ತು? ದಿನಾ ಸೊಪ್ಪು ಹಾಕೋದು, ಕಸ ತೆಗೆಯೋದು. ತವರಿಗೇ ಹೋಗಕ್ಕೆ ಆಗ್ತಿರ್ಲಿಲ್ಲ ಅವಳಿಗೆ. ಮಾವ ಬಂದು ಕರೆದ್ರೂ 'ಈ ಬೆಳೆ ಇಳಿದ್ಮೇಲೆ' ಅಂತಿದ್ಲು. ಬೆಟ್ಟಕ್ಕೆ ಹೋಗ್ತಾಳಾ?"

"ಆ ದಿನ ನೀನು ಬಂದಿದ್ಯಾ ಬೆಟ್ಟಕ್ಕೆ?"

"ಇಲ್ಲ. ಕಾರ್ತಿಕದ ಸೋಮವಾರ ಊರೋರೆಲ್ಲ ಟ್ರ್ಯಾಕ್ಟರಲ್ಲಿ ಹೋದ್ರು. ನಾನು ಮನೇಲಿದ್ದೆ. ಯಾಕೆ ಇದ್ದೆ ಅಂತ ಜ್ಞಾಪಕ ಇಲ್ಲ. ಅತ್ತೆ ಬಂದಿದ್ದು ಮಾತ್ರ ಜ್ಞಾಪಕ ಇದೆ." ಬಟ್ಟೆಯ ರಾಶಿ ಎತ್ತಿಕೊಂಡು ಮೆಟ್ಟಿಲಿಳಿಯುತ್ತ ತಿರುಗಿ, "ಪ್ರೊಫೆಸರ್ ಸಾಹೇಬ್ರು ಕ್ಲಾಸಲ್ಲಿ ಇದನ್ನೇ ತಾನೆ ಹೇಳೋದು?" ಅಂದಳು.

ತಮಾಷೆಗೆ ಅಂದದ್ದು. ಆದರೆ ನಾನು ಅಲ್ಲೇ ನಿಂತುಬಿಟ್ಟೆ. ಅವಳ ವಾದದಲ್ಲಿ ದೋಷವಿರಲಿಲ್ಲ. ಇನ್ನೊಬ್ಬರ ನೆನಪಾಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಮುಂದೆ ತಾಯಿಯನ್ನು ಕಳೆದುಕೊಂಡ ಮಗು, ಅತ್ತೆಯೊಬ್ಬಳು ತೊಡೆಯ ಪಕ್ಕ ಕೂರಿಸಿಕೊಂಡದ್ದು, ಆಮೇಲೆ ಬೇಕಾದ ಹೆಸರನ್ನು ಅದಕ್ಕೆ ಅಂಟಿಸಿಕೊಂಡದ್ದು. ಇದಕ್ಕಿಂತ ಸಹಜವಾದದ್ದು ಯಾವುದಿದೆ?

ಅಪ್ಪನನ್ನು ಕೇಳೋಣವೆಂದರೆ ಅಪ್ಪ ಈಗ ಇಲ್ಲ. ಇದ್ದಾಗಲೂ ಇಂಥದ್ದಕ್ಕೆಲ್ಲ ಉತ್ತರ ಕೊಡುತ್ತಿರಲಿಲ್ಲ. ಹಾಗಾಗಿ ಅತ್ತೆಯನ್ನೇ ಕೇಳಲು ಮರುದಿನ ಚಿಂತಾಮಣಿ ಬಸ್ಸು ಹತ್ತಿದೆ. ಶಿಡ್ಲಘಟ್ಟ ದಾಟಿದ ಮೇಲೆ ನಮ್ಮ ಊರಿನ ಕೈಮರ ಬಂತು. ಹಿಪ್ಪುನೇರಳೆ ಇದ್ದ ಹೊಲಗಳಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳು, ಒಳಗೆ ಗುಲಾಬಿ. ಹೂವನ್ನು ಬಾಗಿಲ ಹೊರಗಿಡುತ್ತಿದ್ದ ಊರು ಈಗ ಹೂವು ಬೆಳೆದು ಮಾರುತ್ತಿದೆ ಅನ್ನಿಸಿ ಒಬ್ಬನೇ ನಕ್ಕೆ.

ಅಮ್ಮ ತೀರಿಕೊಂಡ ಮೇಲೆ ನಮ್ಮನ್ನು ಬೆಳೆಸಿದವಳು ಈ ಅತ್ತೆ. ಗಂಡನ ಮನೆಯವರ ಗೊಣಗಾಟವನ್ನು ಲೆಕ್ಕಕ್ಕಿಡದೆ ವರ್ಷದಲ್ಲಿ ಅರ್ಧ ನಮ್ಮ ಮನೆಯಲ್ಲಿರುತ್ತಿದ್ದಳು. ಈಗ ಮಗನ ಮನೆಯ ಜಗಲಿಯಲ್ಲಿ ಕೂತು ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯಲ್ಲಿ ಈಗಲೂ ಹೂವು, ಬಿಳಿ ಕೂದಲಿಗೆ ಒಂದು ಗೇಣು ಕಾಕಡ.

"ಏಮಿ ನಾಯನಾ, ಇಷ್ಟು ಸಣ್ಣಗಾಗೋಗಿದ್ದೀಯ? ಆ ಊರಲ್ಲಿ ಅನ್ನ ಹಾಕಲ್ವಾ?" ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳುತ್ತ ನನ್ನ ಕೆನ್ನೆಯನ್ನು ಅವರೆಕಾಯಿಯ ಜಿಡ್ಡಿನ ಕೈಯಲ್ಲೇ ಹಿಂಡಿದಳು. ಕೂತೆ. ಸುಲಿಯಲು ನನಗೂ ಒಂದು ರಾಶಿ ತಳ್ಳಿದಳು. ಒಂದಷ್ಟು ಹೊತ್ತು ಅವರ ಮನೆಯ ಸುದ್ದಿ ಆಯಿತು. ಆಮೇಲೆ ಕೇಳಿದೆ.

"ಅತ್ತೆ, ನಾನು ಚಿಕ್ಕೋನಿದ್ದಾಗ ಕಳವಾರದ ಬೆಟ್ಟಕ್ಕೆ ಯಾರು ಕರ್ಕೊಂಡು ಹೋಗಿದ್ರು?"

ಅವಳ ಮುಖ ಅರಳಿತು. "ಯಾರು ಅಂದ್ರೆ? ನಾನೇ ಅಲ್ವೇನಪ್ಪ! ಸೊಂಟದ ಮೇಲೆ ಎತ್ಕೊಂಡು ಹತ್ತಿಲ್ವಾ ನಿನ್ನ? ಅರ್ಧ ದಾರಿಲಿ 'ಅತ್ತೆ, ಉಚ್ಚೆ' ಅಂದೆ. ಇಳಿಸೋಷ್ಟರಲ್ಲಿ ನನ್ನ ಸೀರೆ ಮೇಲೇ ಆಯ್ತು. ಹೊಸ ಸೀರೆ!"

ಒಳಗಿಂದ ಸೊಸೆ ನಕ್ಕ ಸದ್ದು. ನಾನೂ ನಕ್ಕೆ.

"ಮೇಲೆ ಹೋಗಿ ಏನು ಮಾಡಿದ್ವಿ?"

"ದೇವ್ರಿಗೆ ಕೈ ಮುಗಿದ್ವಿ. ಊಟ ಮಾಡಿದ್ವಿ. ಆಮೇಲೆ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಮ್ಮೂರ ಕೆರೆ ತೋರಿಸ್ದೆ. ಚೂಡು ನಾಯನಾ, ಅದೇ ನಮ್ಮ ಕೆರೆ, ಅದೇ ನಮ್ಮ ಮನೆ, ಅಂತ. ನೀನೇನು ನೋಡ್ತೀಯ, ನನ್ನ ಬಳೆ ಎಳೀತಾ ಕೂತಿದ್ದೆ."

ಬಳೆಯ ವಿಷಯ ನಾನು ಹೇಳಿರಲಿಲ್ಲ. ಅವಳೇ ಹೇಳಿದಳು. ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು.

"ಅಮ್ಮ ಬಂದಿದ್ಲಾ ಆ ದಿನ?"

"ನಿಮ್ಮಮ್ಮನಾ?" ಅತ್ತೆ ಬೀದಿಯ ಕಡೆ ನೋಡಿದಳು. "ಪಾಪ, ಅವಳೆಲ್ಲಿ ಬರ್ತಾಳೆ. ಬಂದಿದ್ರೂ ಬಂದಿರಬಹುದು. ನಂಗೆ ಮರ್ತೋಗಿದೆ ಕಣಪ್ಪ. ನೀನಿದ್ದಿದ್ದು ಮಾತ್ರ ಜ್ಞಾಪಕ ಐತೆ."

ಎಲ್ಲ ಮಕ್ಕಳೂ ಬಳೆ ಎಳೆಯುತ್ತವೆ. ಅತ್ತೆಯ ಪಕ್ಕ ನಾನು ಸಾವಿರ ಸಲ ಕೂತಿದ್ದೇನೆ, ಸಾವಿರ ಸಲ ಅವಳ ಬಳೆ ಎಳೆದಿದ್ದೇನೆ. ಅದರಲ್ಲೊಂದನ್ನು ಅವಳು ಬೆಟ್ಟದ ಮೇಲೆ ಇಟ್ಟಿರಬಹುದು. ಇಟ್ಟಿರದೆಯೂ ಇರಬಹುದು. ಅವಳನ್ನು ಅಡ್ಡಪ್ರಶ್ನೆ ಮಾಡಬೇಕು ಅನ್ನಿಸಿತು, ಕೋರ್ಟಿನಲ್ಲಿ ಮಾಡುವ ಹಾಗೆ. ಏನು ಮುಡಿದಿದ್ದೆ, ಎಲ್ಲಿ ಕೂತಿದ್ದೆ, ಯಾವ ಗೋಡೆ. ಆದರೆ ಆ ಮುದುಕಿ ನನ್ನನ್ನು ಸೊಂಟದ ಮೇಲೆ ಹೊತ್ತದ್ದು ಬೆಟ್ಟಕ್ಕೋ ಆಸ್ಪತ್ರೆಗೋ ಶಾಲೆಗೋ, ಹೊತ್ತದ್ದಂತೂ ಸುಳ್ಳಲ್ಲ. ಅವಳು ಅಲ್ಲವಾಗಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದದ್ದು ನನಗೇ ಕೆಟ್ಟದೆನಿಸಿತು. ಊಟ ಮಾಡಿಸದೆ ಅವಳು ಬಿಡಲಿಲ್ಲ. ಹೊರಡುವಾಗ ಸುಲಿದ ಅವರೆಕಾಳನ್ನು ಕವರಿಗೆ ತುಂಬಿ ಅಕ್ಕನಿಗೆಂದು ಕೊಟ್ಟಳು.

ಬಸ್ಸಿನಲ್ಲಿ ನಿರ್ಧಾರ ಮಾಡಿದೆ, ಬೆಟ್ಟ ಹತ್ತುವುದು. ದೊಡ್ಡವನಾದ ಮೇಲೆ ನಾನು ಆ ಬೆಟ್ಟ ಹತ್ತಿಯೇ ಇರಲಿಲ್ಲ. ನಂದಿಗೆ ಹೋಗಿದ್ದೆ, ಎಲ್ಲರ ಹಾಗೆ, ಕಾರಿನಲ್ಲಿ. ಕಳವಾರದ ಬೆಟ್ಟವನ್ನು ಬಿಟ್ಟಿದ್ದೆ. ಬೇಕೆಂದೇ ಬಿಟ್ಟೆನೋ ಏನೋ. ಅಲ್ಲಿ ಹೋಗಿ ಚಪ್ಪಟೆ ಬಂಡೆಯೇ ಇಲ್ಲದಿದ್ದರೆ?

ವಿಷಯ ಕೇಳಿ ಅಕ್ಕ, "ನಾನೂ ಬರ್ತೀನಿ," ಅಂದಳು.

"ನಿನ್ನ ಮಂಡಿ?"

"ಮಂಡಿನೂ ಬರುತ್ತೆ."

ಅರಣ್ಯ ಇಲಾಖೆಯವರ ಟಿಕೆಟ್ಟನ್ನು ಈಗ ಫೋನಿನಲ್ಲೇ ಮೊದಲು ತೆಗೆಯಬೇಕು. ಜನ ಕಡಿಮೆ ಇರಲೆಂದು ವಾರದ ನಡುವಿನ ದಿನ ಆರಿಸಿದೆವು. ಅಕ್ಕ ಶಾಲೆಗೆ ರಜ ಹಾಕಿ, ಮಂಡಿಗೆ ಪಟ್ಟಿ ಬಿಗಿದು, ಅವರೆಕಾಳಿನ ಉಪ್ಪಿಟ್ಟು ಕಟ್ಟಿಕೊಂಡು ಬಂದಳು. ಬೆಟ್ಟದ ಬುಡದ ಮಠದ ಹತ್ತಿರ ಸ್ಕೂಟರು ನಿಲ್ಲಿಸಿದಾಗ ಚೆನ್ನಾಗಿ ಬೆಳಕಾಗಿತ್ತು. ಜೊತೆಗೆ ಕಳಿಸಿದ ಗೈಡು ಮುಂದೆ ಮುಂದೆ ಹೋಗಿ, ಒಂದೊಂದು ತಿರುವಿನಲ್ಲಿ ಬಂಡೆ ಹಿಡಿದು ಕೂತು ಫೋನು ನೋಡುತ್ತಿದ್ದ.

ಮೊದಲರ್ಧ ಕುರುಚಲು ಕಾಡು. ಜಾಲಿ, ಕಾಡು ಸೀತಾಫಲ, ಎರಡೂ ಕಡೆಯಿಂದ ತೋಳು ಗೀರುವ ಲಂಟಾನ. ನಡುವೆ ಹೊಂಗೆ, ಬಸರಿ, ಹೆಸರು ತಿಳಿಯದ ಎತ್ತರದ ಮರಗಳು. ಇಬ್ಬನಿ ಬಿದ್ದ ಎಲೆಗಳಿಂದ ತೊಟ್ಟಿಕ್ಕುವ ಸದ್ದು. ಮೇಲಕ್ಕೆ ಹೋದ ಹಾಗೆ ಮರ ಕಡಿಮೆಯಾಗಿ ಬಂಡೆ, ಬಂಡೆಯ ಸಂದಿಯಲ್ಲಿ ಆಳೆತ್ತರದ ಹುಲ್ಲು. ಯಾವ ತಿರುವೂ ನನಗೆ ಪರಿಚಯವೆನ್ನಿಸಲಿಲ್ಲ. ಹೊತ್ತುಕೊಂಡು ಬಂದ ಮಗುವಿಗೆ ದಾರಿ ಹೇಗೆ ನೆನಪಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮರುಕ್ಷಣವೇ, ಹೊತ್ತುಕೊಂಡು ಬಂದದ್ದು ಎಂದು ಹೇಳಿದವಳು ಅತ್ತೆ ಎನ್ನುವುದೂ ನೆನಪಾಯಿತು.

ಬೆಂಗಳೂರಿನ ಮೂರು ನಾಲ್ಕು ಹುಡುಗಿಯರು ನಮ್ಮನ್ನು ದಾಟಿ ಹೋಗುತ್ತ, "ಸೂಪರ್ ಆಂಟಿ, ಕಮಾನ್ ಆಂಟಿ!" ಎಂದು ಹುರಿದುಂಬಿಸಿದರು.

"ನಿಮ್ಮ ವಯಸ್ಸಲ್ಲಿ ನಾನು ಇದನ್ನ ಬರಿಗಾಲಲ್ಲಿ ಹತ್ತಿದ್ದೆ ಕಣ್ರಮ್ಮಾ," ಅಂದಳು ಅಕ್ಕ ಏದುಸಿರು ಬಿಡುತ್ತ.

ಅವರು ಮುಂದೆ ಹೋದ ಮೇಲೆ, "ನಿಜವಾಗ್ಲೂ ಹತ್ತಿದ್ಯಾ?" ಎಂದೆ.

"ಇಲ್ಲ. ಸುಮ್ನೆ ಹೇಳ್ದೆ. ಅವರೇನು ಚೆಕ್ ಮಾಡ್ತಾರಾ?"

ತುದಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಕೋಟೆಯ ಗೋಡೆ ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಬಹಳ ಉದ್ದವಾಗಿತ್ತು, ಸಣ್ಣ ಗುಡಿ ಇನ್ನೂ ಸಣ್ಣದಾಗಿತ್ತು. ಚಪ್ಪಟೆ ಬಂಡೆಗಳು ಬೇಕಾದಷ್ಟಿದ್ದವು. ಎಲ್ಲ ಕಡೆಗೂ ಇದ್ದವು. ಇದನ್ನು ಹುಡುಕಲು ಬಂದದ್ದೇ ದಡ್ಡತನ ಅನ್ನಿಸಿತು. ನಾನು ಗುಡಿಯ ಮುಂದೆ ಸುಮ್ಮನೆ ನಿಂತಿದ್ದೆ. ಅಕ್ಕ ಚಪ್ಪಲಿ ಬಿಟ್ಟು ಕೈ ಮುಗಿದವಳೇ, ಮಂಡಿ ನೋವನ್ನೂ ಮರೆತು, ಸರಸರನೆ ಗೋಡೆಯ ಒಂದು ಕಡೆಗೆ ನಡೆದು ಹೋದಳು. ಅಲ್ಲಿಂದ ಕೂಗಿದಳು.

"ಬಾರೋ ಇಲ್ಲಿ! ನಮ್ಮೂರು ಕಾಣುತ್ತೆ!"

ಹೋದೆ. ಅದು ಪೂರ್ವದ ಕಡೆ. ಕೆಳಗೆ ಚಿಕ್ಕಬಳ್ಳಾಪುರದ ಮನೆಗಳು, ಹೆದ್ದಾರಿ, ಅದರಾಚೆ ಶಿಡ್ಲಘಟ್ಟದ ಬಯಲು, ಅಲ್ಲೊಂದು ಇಲ್ಲೊಂದು ಕೆರೆಯ ಹೊಳಪು. ಅಕ್ಕ ಬೆರಳು ಚಾಚಿ ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗುತ್ತ ನಮ್ಮದನ್ನು ಹುಡುಕುತ್ತಿದ್ದಳು. ನಮ್ಮ ಊರಿನವರು ಯಾವ ಎತ್ತರಕ್ಕೆ ಹೋದರೂ ಮಾಡುವ ಮೊದಲ ಕೆಲಸ ಇದು. ನಂದಿಯ ಮೇಲೆ ನಿಂತರೂ ಇದೇ, ನೀರಿನ ಟ್ಯಾಂಕು ಹತ್ತಿದರೂ ಇದೇ. ದೇವರಿಗೆ ಕೈ ಮುಗಿದರೋ ಇಲ್ಲವೋ, ಊರು ಕಂಡಿತಾ ಎನ್ನುವುದು ಮುಖ್ಯ. ಕಾಣದಿದ್ದರೂ ಕಂಡಿತು ಅನ್ನುತ್ತಾರೆ.

ನಾನು ಅವಳ ಎಡಗಡೆ ನಿಂತಿದ್ದೆ. ಎದುರಿಗೆ ಊರು. ನಂದಿ ಬೆಟ್ಟ ಅಕ್ಕನ ಆಚೆಗೆ, ಬಲಗಡೆಗೆ ಇತ್ತು.

ಇದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕಾ, ಅಲ್ಲೇ ಕೂತ್ಕೋ."

"ಯಾಕೋ?"

"ಕೂತ್ಕೋ ಸ್ವಲ್ಪ. ಎಡಗೈ ಕೊಡು."

ಕೂತಳು. ಅವಳ ಎಡಗೈ ಹಿಡಿದು ಪಕ್ಕದಲ್ಲಿ ಕೂತೆ. ನಂದಿ ಬೆಟ್ಟ ಅವಳ ಆಚೆ. ನನ್ನ ನೆನಪಿನಲ್ಲಿ ದೊಡ್ಡ ಬೆಟ್ಟ ಇರುವುದು ನನ್ನ ಕಡೆಗೆ. ಈ ಸುತ್ತಿನಲ್ಲಿ ಇದಕ್ಕಿಂತ ದೊಡ್ಡದೆಂದು ಮಗುವಿಗೆ ಅನ್ನಿಸಬಹುದಾದ ಬೆಟ್ಟ ನಂದಿಯೊಂದೇ. ಅದು ನನ್ನ ಕಡೆಗೆ ಬರಬೇಕಾದರೆ ಅವಳು ಊರಿಗೆ ಬೆನ್ನು ಹಾಕಿ ಕೂತಿರಬೇಕು. ನಾನು ಎದ್ದು ಗೋಡೆಯ ಇನ್ನೊಂದು ತುದಿಗೆ, ಪಶ್ಚಿಮದ ಕಡೆಗೆ ಹೋದೆ. ಅಕ್ಕ ಗೊಣಗುತ್ತ ಹಿಂದೆ ಬಂದಳು. ಅಲ್ಲಿ ಅವಳ ಎಡಗಡೆಯೇ ಕೂತು ನೋಡಿದರೆ ನಂದಿ ನನ್ನ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ. ನೆನಪಿನಲ್ಲಿರುವ ಹಾಗೆಯೇ.

ಅಕ್ಕನಿಗೆ ವಿವರಿಸಿದೆ. ಅತ್ತೆ ನೋಡಿದ್ದು ನಮ್ಮೂರ ಕೆರೆ. ಅದು ಪೂರ್ವಕ್ಕೆ. ಅತ್ತೆಗೆ ಅದು ಹುಟ್ಟಿದ ಊರು, ಅವಳು ಈ ಕಡೆ ಯಾಕೆ ನೋಡುತ್ತಾಳೆ? ನಮ್ಮೂರಿನಿಂದ ಬಂದವರು ಯಾರೂ ಈ ಕಡೆ ಬಂದು ಕೂರುವುದಿಲ್ಲ, ನೀನು ಕೂತೆಯಾ?

ಅಕ್ಕ ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ನೋಡಿದಳು. ಆಮೇಲೆ ಹೇಳಿದಳು, "ಅಮ್ಮನ ಊರು ಈ ಕಡೆ."

ಅದು ಅವಳ ಬಾಯಿಂದ ಬರಲಿ ಎಂದೇ ನಾನು ಕಾಯುತ್ತಿದ್ದೆ. ಅಮ್ಮನ ತವರು ಬೆಟ್ಟದ ಈ ಕಡೆ, ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ. ಬೆಟ್ಟದ ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಮದುವೆಯಾಗಿ ಬಂದವಳು. ತವರಿಗೆ ಹೋಗಲು ಬಿಡುವಿಲ್ಲದವಳು. ಬೆಟ್ಟದ ಮೇಲಿಂದಾದರೂ ನೋಡಿಕೊಂಡು ಬರೋಣ ಎಂದು, ಹುಳ ಜ್ವರಕ್ಕೆ ಕೂತಿದ್ದ ಒಂದು ದಿನ, ಊರವರ ಟ್ರ್ಯಾಕ್ಟರು ಹತ್ತಿರಬಾರದೇಕೆ? ಹುಳ ಪೊರೆ ಬಿಡುವುದಕ್ಕೆ ಮುಂಚೆ ತಲೆ ಎತ್ತಿ ಅಲ್ಲಾಡದೆ ಮಲಗುವುದನ್ನು ನಮ್ಮಲ್ಲಿ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಅದು ಸೊಪ್ಪು ತಿನ್ನುವುದಿಲ್ಲ. ಮನೆಯ ಹೆಂಗಸರಿಗೆ ಸಿಗುವ ರಜ ಅದೊಂದೇ.

"ನೋಡು ಹಾಗಾದ್ರೆ, ಕಾಣುತ್ತಾ?" ಅಕ್ಕ ಕೇಳಿದಳು.

ಕಾಣುತ್ತಿರಲಿಲ್ಲ. ಪಶ್ಚಿಮಕ್ಕೆ ಪೂರ್ತಿ ಮೋಡ ಕವಿದಿತ್ತು. ಪಕ್ಕದ ಒಂದೆರಡು ಬೆಟ್ಟಗಳ ನೆತ್ತಿ ಬಿಟ್ಟರೆ ಕೆಳಗೆ ಬರೀ ಬಿಳಿ. ಈ ಮೋಡ ನೋಡಲೆಂದೇ ಅಷ್ಟು ದೂರದಿಂದ ಬಂದಿದ್ದ ಆ ಹುಡುಗಿಯರು ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾವು ಉಪ್ಪಿಟ್ಟು ತಿಂದೆವು. ಕಾದೆವು. ಮೋಡ ಕದಲಲಿಲ್ಲ.

"ಎಡ ಬಲ ಅದಲು ಬದಲು ಆಗಿರಬಹುದು ಕಣೋ," ಅಂದಳು ಅಕ್ಕ, ಈ ಸಲ ಮೆಲ್ಲಗೆ. "ಅಷ್ಟು ಚಿಕ್ಕ ಮಗು."

"ಆಗಿರಬಹುದು."

"ಮತ್ತೆ ಹೂವು?"

"ಹೂವಿನದು ನಂಗೆ ಗೊತ್ತಿಲ್ಲ."

ಅವಳು ಉಪ್ಪಿಟ್ಟಿನ ಡಬ್ಬಿ ಮುಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಕೊಂಬು," ಅಂದಳು.

"ಏನು?"

"ಹಸುವಿನ ಕೊಂಬು. ಮದುವೆಗೋ ತಿಥಿಗೋ ಹೋಗಿ ಬಂದ್ರೆ ಹೂವು ಮುಡ್ಕೊಂಡು ಒಳಗೆ ಬರೋ ಹಾಗಿರ್ಲಿಲ್ಲ ಅಲ್ವಾ? ನಮ್ಮ ಬೀದಿ ಹೆಂಗಸರು ಬಾಗಿಲಲ್ಲೇ ತೆಗೆದು ಹಸುವಿನ ಕೊಂಬಿಗೆ ಸುತ್ತಿಬಿಡೋರು. ದೇವರ ಹೂವು ಬೇರೆ ಇರುತ್ತೆ, ಬಿಸಾಕಬಾರ್ದು ಅಂತ. ಕನಕಾಂಬರ ಸುತ್ತಿದ ಕೊಂಬು ಇಟ್ಕೊಂಡು ನಮ್ಮ ಹಸು ಮದುಮಗಳ ಥರ ಓಡಾಡ್ತಿತ್ತು." ಅವಳು ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. "ನಾನು ಅದನ್ನ ಬಿಚ್ಚಿ ಮುಡ್ಕೊಂಡು ಅಮ್ಮನ ಕೈಲಿ ಏಟು ತಿಂದಿದ್ದೀನಿ ಕಣೋ. ಎಲ್ಲಿತ್ತೋ ಇದು ಇಷ್ಟು ದಿನ!"

ಆ ಏಟು ಅಕ್ಕನದು. ಅದರಲ್ಲಿ ನನಗೆ ಪಾಲಿಲ್ಲ. ಆದರೂ ಅಮ್ಮ ಆ ಬೆಟ್ಟದ ತುದಿಯಲ್ಲಿ ಆ ದಿನ ನನಗೆ ಅಷ್ಟು ಹತ್ತಿರ ಬಂದದ್ದು ಆ ಏಟಿನಿಂದ. ಕೈ ಎತ್ತಿದ, ರೇಗಿದ, ಹೂವನ್ನು ಕಿತ್ತುಕೊಂಡ ಒಬ್ಬ ಹೆಂಗಸು. ಫೋಟೋದ ಹುಡುಗಿಯಲ್ಲ. ಅಂದರೆ ಅವಳೂ ಹೊರಗೆ ಹೋದಾಗ ಹೂವು ಮುಡಿಯುತ್ತಿದ್ದಳು, ಬಾಗಿಲಲ್ಲಿ ತೆಗೆಯುತ್ತಿದ್ದಳು. ಮುಡಿದಿರಲು ಸಾಧ್ಯ ಎಂದಾಯಿತು. ಆ ದಿನ ಮುಡಿದಿದ್ದಳು ಎಂದಾಗಲಿಲ್ಲ. ಇಳಿಯುವಾಗ ಪೂರ್ತಿ ದಾರಿ ಅಕ್ಕ ನನ್ನ ಭುಜ ಹಿಡಿದುಕೊಂಡೇ ಇಳಿದಳು. ಮಂಡಿಗಾಗಿ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಕಾಲೇಜಿಗೆ ವಾಪಸು ಹೋದ ಮೇಲೆ ಪಾಠದ ನಡುವೆ, ಊಟದ ನಡುವೆ ಒಂದೇ ಪ್ರಶ್ನೆ ಕೊರೆಯತೊಡಗಿತು. ಮೋಡವಿಲ್ಲದ ದಿನ ಅಲ್ಲಿಂದ ಅವಳ ಊರು ಕಾಣುವುದೇ ಇಲ್ಲವಾದರೆ? ನಡುವೆ ಯಾವುದೋ ಗುಡ್ಡ ಅಡ್ಡ ಬಂದಿದ್ದರೆ? ಆಗ ಪಶ್ಚಿಮಕ್ಕೆ ಮುಖ ಮಾಡಿ ಕೂತವಳಿಗೆ ನೋಡಲು ಏನೂ ಇರುವುದಿಲ್ಲ. ನನ್ನ ವಾದವೆಲ್ಲ ಅಲ್ಲಿಗೆ ಬಿದ್ದುಹೋಗುತ್ತದೆ, ಬಂಡೆಯ ಮೇಲಿನವಳನ್ನು ಅತ್ತೆಗೆ ಒಪ್ಪಿಸಿಬಿಡಬೇಕಾಗುತ್ತದೆ. ನಕ್ಷೆ ನೋಡಿದೆ. ನಕ್ಷೆಯಲ್ಲಿ ಗೆರೆ ಎಳೆಯುವುದು ಸುಲಭ, ಕಣ್ಣಿಗೆ ಕಾಣುವುದೇ ಬೇರೆ. ಮೇಲಿಂದ ಅವಳ ಊರು ಕಾಣುವುದಾದರೆ ಊರಿನಿಂದ ಬೆಟ್ಟದ ತುದಿಯೂ ಕಾಣಬೇಕು.

ಸಂಕ್ರಾಂತಿಯ ರಜದಲ್ಲಿ ಮತ್ತೆ ಚಿಕ್ಕಬಳ್ಳಾಪುರಕ್ಕೆ ಬಂದು, ಒಬ್ಬನೇ ಗೌರಿಬಿದನೂರು ಬಸ್ಸು ಹಿಡಿದೆ. ಪಕ್ಷಿ ನೋಡುವ ಹುಚ್ಚಿರುವ ಸಹೋದ್ಯೋಗಿಯೊಬ್ಬರ ಬೈನಾಕ್ಯುಲರು ಚೀಲದಲ್ಲಿತ್ತು. ಅಮ್ಮನ ಊರಿನಲ್ಲಿ ಈಗ ನಮ್ಮವರು ಯಾರೂ ಇಲ್ಲ. ಮಾವಂದಿರು ಹೋದರು, ಅವರ ಮಕ್ಕಳು ಬೇರೆ ಬೇರೆ ಕಡೆ ಇದ್ದಾರೆ. ಮನೆ ಯಾವುದೆಂದು ನನಗೂ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನೇರವಾಗಿ ಕೆರೆಯ ಏರಿಯ ಮೇಲೆ ಹೋದೆ. ಮಳೆ ಚೆನ್ನಾಗಿ ಆಗಿದ್ದ ವರ್ಷ, ಕೆರೆ ತುಂಬಿತ್ತು. ಏರಿಯ ಮೇಲೆ ಮೇಕೆ ಬಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ಯಾರ ಮನೇಗೆ ಬಂದಿದ್ದೀಯಪ್ಪ?"

"ಯಾರ ಮನೇಗೂ ಇಲ್ಲಮ್ಮ. ಕೆರೆ ನೋಡಕ್ಕೆ ಬಂದೆ."

"ಕೆರೇಲ್ ಏನೈತೆ ನೋಡಕ್ಕೆ? ನೀರೈತೆ." ನನ್ನ ಚೀಲ ನೋಡಿ, "ಸರ್ವೇ ಮಾಡೋನಾ?" ಅಂದಳು.

"ಅಲ್ಲಮ್ಮ. ನಮ್ಮಮ್ಮನ ಊರು ಇದು."

"ಹಂಗನ್ನು ಮತ್ತೆ. ನಮ್ಮೂರ ಹೆಣ್ಮಗಳ ಮಗ." ಇಷ್ಟು ಸಾಕೆನ್ನುವಂತೆ ಮೇಕೆಯ ಕಡೆ ತಿರುಗಿದಳು. ಯಾರ ಮಗ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನಾದರೂ ತಿಳಿಯುತ್ತಿತ್ತೋ ಏನೋ. ನನಗೂ ಅವತ್ತು ಯಾರ ಮಾತೂ ಬೇಕಿರಲಿಲ್ಲ. ಮಾತುಗಳನ್ನು ಕೇಳಿದರೆ ಅವೂ ನನ್ನ ನೆನಪಿನೊಳಗೆ ಸೇರಿಕೊಂಡುಬಿಡುತ್ತವೆ ಎನ್ನುವ ಭಯ.

ಈ ನೀರಿಗೆ ಅವಳು ಕೊಡ ಹಿಡಿದು ಬಂದಿರಬೇಕು, ಬಟ್ಟೆ ಒಗೆದಿರಬೇಕು. ಅದನ್ನೂ ನಾನು ಊಹಿಸುತ್ತಿದ್ದೇನೆ. ಅತ್ತೆಗೆ ನಾನು ಇದ್ಯಾವುದನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಅವಳ ಸೊಂಟದ ಮೇಲೆ ಕೂತು ಬೆಟ್ಟ ಹತ್ತಿದ ಮಗು ಅವಳದು, ಅದು ಅವಳ ಹತ್ತಿರವೇ ಇರಲಿ. ಬಂಡೆಯ ಮೇಲೆ ಕೂತವಳು ಅಮ್ಮನೇ ಎಂದು ನಾನು ಈಗಲೂ ಆಣೆ ಮಾಡಿ ಹೇಳಲಾರೆ. ಒಂದನ್ನು ಮಾತ್ರ ಹೇಳಬಲ್ಲೆ. ಮಂಜು ಕರಗುವವರೆಗೆ ಕಾದು, ಬರಿಗಣ್ಣಿನಲ್ಲಿ ಒಮ್ಮೆ, ಬೈನಾಕ್ಯುಲರಿನಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ನಡುವೆ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ. ಅಮ್ಮನ ಊರಿನ ಕೆರೆ ಏರಿಯ ಮೇಲೆ ನಿಂತರೆ ಕಳವಾರದ ಬೆಟ್ಟದ ತುದಿ ಕಾಣುತ್ತದೆ.